ತಡೆದ ಮಾತು

ನನ್ನ ಬಲಗೈಯ ಈ ಎರಡು ಬೆರಳು ನೋಡಿ. ಹೆಬ್ಬೆರಳು, ನಡುಬೆರಳು. ಇಪ್ಪತ್ತೆರಡು ವರ್ಷ ಇವುಗಳ ದೆಸೆಯಿಂದಲೇ ನಾನು ಊರಿನಲ್ಲಿ ತಲೆಯೆತ್ತಿ ನಡೆದೆ. ಎದುರಿಗೆ ಬಂದ ಗಂಡಸರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು, ಮದುವೆ ಮನೆಯಲ್ಲಿ ಮೊದಲ ಎಲೆ ನನಗೇ ಹಾಕುತ್ತಿದ್ದರು. ಈಗ ಇವನ್ನು ಒರಳಿಗಿಟ್ಟು ಜಜ್ಜಿಬಿಡೋಣ ಅನ್ನಿಸುತ್ತದೆ. ಅನ್ನಿಸುತ್ತದೆ ಅಷ್ಟೇ, ಜಜ್ಜಿಕೊಳ್ಳುವಷ್ಟು ಧೈರ್ಯದ ಹೆಂಗಸು ನಾನಲ್ಲ. ಬಾಯಿ ಜೋರು, ಅಷ್ಟೇ.

ನಮ್ಮೂರಿನಲ್ಲಿ ಮನುಷ್ಯರ ಮಾತು ಮನುಷ್ಯರ ಬಾಯಿಂದ ಕೇಳಿಸುವುದಿಲ್ಲ. ನಾಯಿ ಬೊಗಳಿದ್ದು ಕೇಳುತ್ತದೆ, ಒಗ್ಗರಣೆ ಚಟಪಟ ಅಂದದ್ದು ಕೇಳುತ್ತದೆ, ಕೆಮ್ಮು, ಸೀನು, ಅಳು, ನಗು ಎಲ್ಲವೂ ಕೇಳುತ್ತದೆ. ಮಾತು ಮಾತ್ರ ಇಲ್ಲ. ಕೂಸು ಬರೀ ಅಳುತ್ತಿರುವಷ್ಟು ದಿನ ಚಿಂತೆಯಿಲ್ಲ. ಅದು 'ಅವ್ವ' ಅನ್ನಲು ತುಟಿ ಕೂಡಿಸಿದ ದಿನ ಮನೆಯಲ್ಲಿ ಸದ್ದಡಗುತ್ತದೆ. ಅಪ್ಪ ಅನ್ನಿಸಿಕೊಂಡವನು ಚಪ್ಪಲಿ ಮೆಟ್ಟಿಕೊಂಡು ಕಂಪನಿ ಅಂಗಡಿಗೆ ಓಡುತ್ತಾನೆ. ಅಲ್ಲಿಂದ ಒಂದು ಗೊರವಂಕ ಬರುತ್ತದೆ. ಹಿತ್ತಾಳೆ ಕೊಕ್ಕಿನ, ಅಂಗೈ ಅಗಲದ ಕಪ್ಪು ಹಕ್ಕಿ. ಎಡ ಹೆಗಲ ಮೇಲೆ ಕೂರಿಸಿಕೊಂಡರೆ ಸರಿ, ನಾವು ತುಟಿಯಲ್ಲಿ ಆಡಿದ್ದನ್ನು ಅದು ನಮ್ಮದೇ ದನಿಯಲ್ಲಿ ಹೊರಗೆ ಹೇಳುತ್ತದೆ. ಹಕ್ಕಿ ಮಾಡುವ ಕಂಪನಿ ಒಂದೇ. ಅದರ ಕಾರ್ಖಾನೆ ಎಲ್ಲಿದೆ ಎಂದು ನೋಡಿದವರು ನಮ್ಮಲ್ಲಿ ಯಾರೂ ಇಲ್ಲ. ಸಂತೆಬೀದಿಯ ಕೊನೆಗೆ ಅದರ ಅಂಗಡಿ ಇದೆ, ಅಂಗಡಿಯಲ್ಲಿ ಶೇಷಾದ್ರಿ ಇದ್ದಾರೆ, ನಮಗೆ ಅಷ್ಟು ಸಾಕಾಗಿತ್ತು.

ಹೀಗಿರುವುದರಿಂದ ನಮ್ಮಲ್ಲಿ ಯಾರಾದರೂ ಮಾತಾಡುವಾಗ ಹಕ್ಕಿಯ ಕೊಕ್ಕನ್ನು ನೋಡಬೇಕು, ಆಡುವವರ ಬಾಯಿಯನ್ನಲ್ಲ. ಬಾಯಿ ನೋಡುವುದು ಉಣ್ಣುವವರ ಎಲೆ ನೋಡಿದಷ್ಟೇ ಅಸಹ್ಯ. ಮಕ್ಕಳು ನೋಡಿದರೆ ತೊಡೆ ಚಿವುಟುತ್ತೇವೆ. 'ಬಾಯಿ ನೋಡೋಳು' ಅಂದರೆ ನಮ್ಮೂರ ಜಗಳದಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಸಂಸಾರ ಹಾಳಾದದ್ದು ಅದರಲ್ಲೇ. ಚಾವಡಿಯಲ್ಲಿ ಒಂದು ನ್ಯಾಯ ನಡೆದರೆ, ಹೆಣ್ಣಿನ ಕಡೆಯವರು ಒಪ್ಪಿಗೆ ಕೊಡುವಾಗ, ಹೊಲ ಮನೆ ಕೈ ಬದಲಾಗುವಾಗ, ಪ್ರಶ್ನೆ ಕೇಳಿದ ಕೂಡಲೇ ಚಿಟಿಕೆ ಬೀಳುತ್ತದೆ. ಒಂದು, ಎರಡು, ಮೂರು. ಮೂರನೆಯ ಚಿಟಿಕೆಯೊಳಗೆ ಉತ್ತರ ಬಂದರೆ ಅದು ಮಾತು. ಆಮೇಲೆ ಬಂದರೆ ತಡೆದ ಮಾತು. ತಡೆದ ಮಾತಿಗೆ ನಮ್ಮಲ್ಲಿ ಕವಡೆ ಕಿಮ್ಮತ್ತಿಲ್ಲ. 'ಹೌದು' ತಡೆದು ಬಂದರೆ ಅದು ಇಲ್ಲವೆಂದೇ ಲೆಕ್ಕ, 'ಇಲ್ಲ' ತಡೆದು ಬಂದರೆ ಹೌದೆಂದೇ ಲೆಕ್ಕ. ಬರೆದು ಕೊಟ್ಟರೆ ನಡೆಯುವುದಿಲ್ಲ. ಹತ್ತು ದಿನ ಯೋಚಿಸಿ ಬರೆಯುವುದು ಯಾರಿಗೆ ಬಾರದು? ಈ ಚಿಟಿಕೆ ಹೊಡೆಯುವವರನ್ನು ಚಿಟಿಕೆಯವರು ಅನ್ನುತ್ತಾರೆ. ನಮ್ಮಪ್ಪ ಚಿಟಿಕೆಯವನು. ಅವನ ನಂತರ ನಾನು, ಸರ್ವಮಂಗಳ. ನನ್ನ ಚಿಟಿಕೆ ಗಡಿಯಾರದಂತೆ ಬೀಳುತ್ತದೆ ಎಂದು ಊರು ಹೊಗಳುತ್ತಿತ್ತು. ನಾನೂ ಉಬ್ಬುತ್ತಿದ್ದೆ, ಯಾಕೆ ಸುಳ್ಳು ಹೇಳಲಿ.

ನಮ್ಮನೆಯವರ ಹೆಸರು ಹಾಲೇಶಪ್ಪ. ಕೆರೆಯ ನೀರುಗಂಟಿ. ತೂಬಿನ ಹಲಗೆ ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವರ ಮನೆತನದ ಕೆಲಸ. ಮೊಣಕಾಲಿನವರೆಗೆ ಯಾವಾಗಲೂ ಕೆಸರು, ಮುಖದಲ್ಲಿ ಯಾವಾಗಲೂ ಒಂದು ಸಣ್ಣ ನಗು. ನಾನು ಹತ್ತು ಮಾತಾಡಿದರೆ ಅವರದು ಒಂದು. ಆದರೆ ಆ ಒಂದು ಮಾತು ಕೇಳಿದ ತಕ್ಷಣ ಬರುತ್ತಿತ್ತು. ನನ್ನನ್ನು ನೋಡಲು ಬಂದ ದಿನ ನಮ್ಮಪ್ಪ "ನಮ್ಮ ಹುಡುಗಿ ಒಪ್ಪಿಗೆನಾ?" ಎಂದು ಕೇಳಿ ಬೆರಳು ಕೂಡಿಸುವಷ್ಟರಲ್ಲೇ ಇವರ ಹಕ್ಕಿ "ಹೂಂ" ಅಂದುಬಿಟ್ಟಿತ್ತು. ಚಿಟಿಕೆ ಹೊಡೆಯುವುದಕ್ಕೂ ಬಿಡಲಿಲ್ಲವಲ್ಲ ಎಂದು ನಮ್ಮಪ್ಪ ಸಾಯುವ ತನಕ ಹೇಳಿಕೊಂಡು ನಗುತ್ತಿದ್ದ.

ಇವರ ಹಕ್ಕಿ ಹತ್ತು ವರ್ಷ ಹಳೆಯದಾದ ಮೇಲೆ ಉತ್ತರ ತಡವಾಗತೊಡಗಿತು. ಮೊದಮೊದಲು ಹುಡುಗಾಟವಾಗಿತ್ತು. "ರೀ, ಸಾರು ಹೇಗಿದೆ?" ಎಂದರೆ, ಒಂದು ಚಿಟಿಕೆ ಕಳೆದು "ಚೆನ್ನಾಗಿದೆ" ಅನ್ನುವರು. "ಚೆನ್ನಾಗಿದೆ ಅನ್ನೋಕೆ ಇಷ್ಟು ಯೋಚನೆ ಮಾಡ್ಬೇಕಾ? ನಾಳೆಯಿಂದ ನೀವೇ ಮಾಡ್ಕೊಳ್ಳಿ," ಎಂದು ನಾನು ಮೂತಿ ತಿರುವುವೆ. ಅವರು ನಗುವರು. ಮುಂದಿನ ವರ್ಷ ಎರಡು ಚಿಟಿಕೆಯಾಯಿತು. ನನ್ನ ಬೆರಳು ಸುಮ್ಮನಿರುತ್ತದೆಯೇ? ದಿನವಿಡೀ ಊರವರ ಮಾತನ್ನು ಅಳೆದ ಬೆರಳು, ಮನೆಗೆ ಬಂದರೂ ಸೆರಗಿನ ಕೆಳಗೆ ತನ್ನಷ್ಟಕ್ಕೆ ಅಳೆಯುತ್ತಿತ್ತು.

"ಹಕ್ಕಿ ನಿಧಾನ ಆಗಿದೆ ಕಣೇ. ನಾನಲ್ಲ," ಎಂದರು ಒಂದು ದಿನ. ಅದನ್ನು ಹೇಳುವುದಕ್ಕೂ ಹಕ್ಕಿ ಎರಡು ಚಿಟಿಕೆ ತೆಗೆದುಕೊಂಡಿತು.

ನನಗೆ ನಗು ಬಂತು. ಚಾವಡಿಯಲ್ಲಿ ಸಿಕ್ಕಿಬಿದ್ದ ಕಳ್ಳರೆಲ್ಲ ಹೇಳುವುದು ಅದನ್ನೇ ಅಲ್ಲವೇ, ನಾನಲ್ಲ ಸ್ವಾಮಿ, ಹಕ್ಕಿ ತಡೀತು ಅಂತ. ಆದರೂ ಕರೆದುಕೊಂಡು ಹೋದೆ. ಕಂಪನಿಯವರು ವರ್ಷಕ್ಕೊಮ್ಮೆ, ಯುಗಾದಿ ಆದ ಮೂರನೆಯ ದಿನ, ಊರಿನ ಹಕ್ಕಿಗಳಿಗೆಲ್ಲ ಪುಕ್ಕಟೆಯಾಗಿ ಎಣ್ಣೆ ಬಿಡುತ್ತಿದ್ದರು. ಕತ್ತಿನ ಹಿಂದೆ ಒಂದು ಸಣ್ಣ ತೂತು, ಅದಕ್ಕೆ ಮೂರು ಹನಿ. ಅಂದು ಊರಿಗೆ ಊರೇ ಎಣ್ಣೆ ಸಾಲಿನಲ್ಲಿ ನಿಲ್ಲುತ್ತದೆ, ಪಾನಕ ಕೋಸಂಬರಿ ಬೇರೆ ಕೊಡುತ್ತಾರೆ. ಹಿಂದಿನ ಎರಡು ವರ್ಷದಂತೆ ಆ ಸಲವೂ ನಾನೇ ಇವರನ್ನು ಕೈಹಿಡಿದು ಸಾಲಿನಲ್ಲಿ ನಿಲ್ಲಿಸಿದೆ. ಶೇಷಾದ್ರಿ ಹಕ್ಕಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಎಣ್ಣೆ ಬಿಟ್ಟು, ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು.

"ಹಕ್ಕಿ ಸರಿಯಾಗೇ ಇದೆ ಮಂಗಳಮ್ಮ. ಆಡೋರೇ ತಡೆದ್ರೆ ಪಾಪ ಹಕ್ಕಿ ಏನು ಮಾಡತ್ತೆ ಹೇಳಿ."

ನಾನು ನಂಬಿದೆ. ಇಪ್ಪತ್ತೈದು ವರ್ಷ ಒಂದೇ ಚಾಪೆಯ ಮೇಲೆ ಮಲಗಿದ ಗಂಡನನ್ನು ಬಿಟ್ಟು, ವರ್ಷಕ್ಕೊಮ್ಮೆ ಪಾನಕ ಕೊಡುವವನನ್ನು ನಂಬಿದೆ. ನನ್ನ ಹಕ್ಕಿ ಎಂದೂ ತಡೆದದ್ದಿಲ್ಲವಲ್ಲ. ತಡೆಯುವುದಾದರೂ ಹೇಗೆ, ಚಿಟಿಕೆಯವಳ ಮಾತಿಗೆ ಕುಂದು ಬರಬಾರದೆಂದು ಕಂಪನಿಯವರು ನನಗೆ ಎರಡು ವರ್ಷಕ್ಕೊಂದು ಹೊಸ ಹಕ್ಕಿಯನ್ನು ಮರ್ಯಾದೆಯಾಗಿ ಕೊಡುತ್ತಿದ್ದರು. ನಾನು ಅದನ್ನು ಮರ್ಯಾದೆ ಎಂದೇ ತಿಳಿದಿದ್ದೆ.

ಆ ವರ್ಷ ನಮ್ಮವ್ವ ಹಾಸಿಗೆ ಹಿಡಿದಳು. ಅಣ್ಣನ ಮನೆಯಲ್ಲಿ ಅತ್ತಿಗೆಗೆ ಬೇಡವಾಗಿದ್ದಳು. "ರೀ, ಅವ್ವನ್ನ ಇಲ್ಲಿಗೆ ಕರ್ಕೊಂಡು ಬರ್ಲಾ?" ಎಂದು ಕೇಳಿದೆ. ಒಂದು, ಎರಡು, ಮೂರು. "ಕರ್ಕೊಂಡು ಬಾ, ಅದಕ್ಕೇನು ಕೇಳೋದು," ಅಂದಿತು ಹಕ್ಕಿ. ಮನಸ್ಸಿಲ್ಲದವರ ಮನೆಗೆ ನನ್ನ ಹೆತ್ತವಳನ್ನು ತರಲೇ? ತರಲಿಲ್ಲ. ಎರಡು ತಿಂಗಳಿಗೆ ಅವ್ವ ಅಲ್ಲೇ ತೀರಿಕೊಂಡಳು. "ಯಾಕೆ ಕರ್ಕೊಂಡು ಬರ್ಲಿಲ್ಲ ನೀನು?" ಎಂದು ಇವರು ಕೇಳಿದರು. ನಾನು ಒಲೆಗೆ ಸೌದೆ ನೂಕಿದೆ. ಅಲ್ಲಿಂದ ಮುಂದೆ ಅವರು ಮಾತಾಡಿದಾಗಲೆಲ್ಲ ನನ್ನ ಕಿವಿಗೆ ಮಾತು ಬೀಳುತ್ತಿರಲಿಲ್ಲ, ಮಾತಿನ ಹಿಂದಿನ ತಡ ಮಾತ್ರ ಬೀಳುತ್ತಿತ್ತು.

ನಮ್ಮ ಮನೆಯೊಂದೇ ಅಲ್ಲ, ಊರೇ ಹಾಗಾಗಿತ್ತು. ಮುದುಕರು ಏನು ಹೇಳಿದರೂ ಮಕ್ಕಳು "ಮರೆವು" ಎಂದು ಕೈ ಆಡಿಸುತ್ತಿದ್ದರು. ಹಳೆ ಹಕ್ಕಿಯವರ ಮನೆಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು, ಆ ಮನೆತನದವರ ಮಾತು ತಡೀತದೆ ಅಂತ. ಕೈಯಲ್ಲಿ ನಾಲ್ಕು ಕಾಸಿದ್ದವರೆಲ್ಲ ಹೊಸ ಹಕ್ಕಿ ಕೊಂಡು ಎರಡೇ ದಿನದಲ್ಲಿ ಸತ್ಯವಂತರಾಗುತ್ತಿದ್ದರು. ಹಕ್ಕಿ ಬದಲಾದರೆ ಮನುಷ್ಯ ಹೇಗೆ ಬದಲಾದ ಎಂದು ಯಾರಾದರೂ ಕೇಳಿದೆವಾ? ಇಲ್ಲ. ಹೊಸ ಹಕ್ಕಿ ಕೊಂಡರೆ ಬುದ್ಧಿ ಚುರುಕಾಗುತ್ತದೆ ಅಂದುಕೊಂಡೆವು. ನಮ್ಮ ತಲೆಯಲ್ಲಿ ಏನು ತುಂಬಿತ್ತೋ ದೇವರೇ ಬಲ್ಲ. "ನಮಗೂ ಒಂದು ಹೊಸದು ತರೋಣ," ಎಂದು ನಾನು ಹೇಳಿದ್ದುಂಟು. ಇವರು ಒಪ್ಪಲಿಲ್ಲ. ಸರಿಯಾಗಿದೆ ಎಂದು ಕಂಪನಿಯವರೇ ಹೇಳಿದ ಹಕ್ಕಿಯನ್ನು ಬಿಸಾಡಿದರೆ, ತಪ್ಪು ತನ್ನದೇ ಎಂದು ಒಪ್ಪಿಕೊಂಡಂತೆ ಆಗುತ್ತದೆ ಎಂದರು. ಅದೂ ತಡೆದೇ ಬಂತು.

ಆಷಾಢದಲ್ಲಿ ಕೆರೆ ತುಂಬಿತು. ಒಂದು ಬೆಳಿಗ್ಗೆ ತೂಬು ತೆರೆದುಕೊಂಡು ನೀರು ಕುಂಬಾರರ ಓಣಿಗೆ ನುಗ್ಗಿತು. ಆವಿಗೆಗೆ ಇಡಬೇಕೆಂದು ಸಾಲು ಸಾಲಾಗಿ ಒಣಹಾಕಿದ್ದ ಹಸಿ ಮಡಕೆಗಳೆಲ್ಲ ಕರಗಿ ಮತ್ತೆ ಮಣ್ಣಾದವು. ಎರಡು ಮನೆಯ ಗೋಡೆ ಕುಸಿಯಿತು. ಒಂದು ಎಮ್ಮೆ ಸತ್ತಿತು. ಮನುಷ್ಯರು ಉಳಿದದ್ದೇ ಪುಣ್ಯ. ಹಿಂದಿನ ಸಂಜೆ ಹಲಗೆ ಇಳಿಸಿ ಗೂಟ ಜಡಿದು ಬಂದೆ ಎಂದು ಇವರು ಹೇಳಿದರು. ಜಡಿಯದೆ ಬಂದಿರಬೇಕು ಎಂದು ಊರು ಹೇಳಿತು. ಚಾವಡಿ ಸೇರಿತು.

ಚಾವಡಿಯ ಯಜಮಾನ ರುದ್ರಯ್ಯನವರು ಒಳ್ಳೆಯ ಮನುಷ್ಯ. "ಇವತ್ತೊಂದಿನ ಚಿಟಿಕೆ ಬೇರೆ ಯಾರಾದ್ರೂ ಹೊಡೀಲಿ. ಮಂಗಳಮ್ಮ ಆ ಕಡೆ ಕೂತ್ಕೊಳ್ಳಲಿ," ಎಂದರು.

ಎದ್ದು ಹೋಗಿ ಕೂತಿದ್ದರೆ ಆಗುತ್ತಿತ್ತು. ನನಗೆ ಅಹಂಕಾರ. "ನನ್ನ ಚಿಟಿಕೆಗೆ ಗಂಡ, ತವರು ಅಂತ ಇಲ್ಲ ಯಜಮಾನ್ರೇ," ಅಂದೆ. ನನ್ನ ಹಕ್ಕಿ ಅದನ್ನು ಥಟ್ಟನೆ, ಗಂಟೆ ಬಾರಿಸಿದ ಹಾಗೆ ಹೇಳಿತು. ಜನ ತಲೆದೂಗಿದರು. ಇವರು ಒಮ್ಮೆ ನನ್ನ ಕಡೆ ನೋಡಿದರು. ಹಕ್ಕಿಯ ಕಡೆಗಲ್ಲ, ನನ್ನ ಕಣ್ಣಿನ ಕಡೆಗೆ. ನಾನು ಅವರ ಹಕ್ಕಿಯ ಕೊಕ್ಕಿನ ಮೇಲೆ ದೃಷ್ಟಿ ನೆಟ್ಟು ಬೆರಳೆತ್ತಿದೆ.

"ಹಾಲೇಶಪ್ಪ, ಗೂಟ ಜಡೀದೆ ತೂಬು ಬಿಟ್ಟು ಬಂದೋನು ನೀನೇನಪ್ಪ?" ಎಂದು ಯಜಮಾನರು ಕೇಳಿದರು.

ಒಂದು. ಕೊಕ್ಕು ಅಲುಗಲಿಲ್ಲ. ಎರಡು. ಬೇಗ ಹೇಳ್ರೀ, ಬೇಗ ಹೇಳ್ರೀ ಎಂದು ಒಳಗೇ ಬೇಡುತ್ತಿದ್ದೆ. ಬೆರಳನ್ನು ಒಂದು ಎಳೆಯಷ್ಟು ನಿಧಾನ ಮಾಡಿದ್ದರೂ ಸಾಕಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಮಾಡಲಿಲ್ಲ. ಮೂರು. ಆಮೇಲೆ, ಎಲ್ಲ ಮುಗಿದ ಮೇಲೆ, ಹಕ್ಕಿ ಹೇಳಿತು, "ಅಲ್ಲ, ನಾನಲ್ಲ."

ಅದಕ್ಕೆ ಹೆಸರು ಕೊಡಬೇಕಾದವಳೂ ನಾನೇ. "ತಡೆದ ಮಾತು," ಅಂದೆ.

ನೀರುಗಂಟಿ ಕೆಲಸ ಅವರ ಮನೆತನದಿಂದ ಹೋಯಿತು. ಸೊಂಟದಲ್ಲಿದ್ದ ತೂಬಿನ ಕೀಲಿಯನ್ನು ಬಿಚ್ಚಿ ಜಗಲಿಯ ಮೇಲಿಟ್ಟು, ಹೆಗಲ ಮೇಲಿನ ಹಕ್ಕಿಯನ್ನೂ ತೆಗೆದು ಜೇಬಿಗೆ ಹಾಕಿಕೊಂಡು ಮನೆಗೆ ನಡೆದರು. ನಾನು ಹಿಂದೆಯೇ ಹೋದೆ. ದಾರಿಯುದ್ದಕ್ಕೂ ಬೈದೆ. ಯಾಕೆ ತಡೆದಿರಿ, ನಿಜ ಒಪ್ಪಿಕೊಂಡು ಕ್ಷಮೆ ಕೇಳಿದ್ದರೆ ಚಾವಡಿ ಬಿಡುತ್ತಿರಲಿಲ್ಲವೇ ಎಂದು. ಹೌದು, ನಾನು ಅವರೇ ಮಾಡಿದ್ದೆಂದು ನಂಬಿದ್ದೆ. ಇದನ್ನು ಹೇಳದೆ ಮುಚ್ಚಿಟ್ಟರೆ ಈ ಕಥೆ ಹೇಳಿ ಪ್ರಯೋಜನವಿಲ್ಲ.

ಅಂದಿನಿಂದ ಅವರು ಹಕ್ಕಿ ತೊಡಲಿಲ್ಲ. ಹಕ್ಕಿಯನ್ನು ಗೋಡೆಯ ಗೂಡಿನಲ್ಲಿ, ಅರಿಸಿನ ಕುಂಕುಮದ ಭರಣಿಯ ಪಕ್ಕದಲ್ಲಿಟ್ಟರು. ನಾನು ಆಡಿದ್ದೆಲ್ಲ ಅವರಿಗೆ ಕೇಳುತ್ತಿತ್ತು. ಉಣ್ಣಲು ಕರೆದರೆ ಬರುವರು, ನೀರು ಕೇಳಿದರೆ ಸೇದಿ ಕೊಡುವರು. ತಾವಾಗಿ ಏನೂ ಇಲ್ಲ. ನಾನು ಬೈದೆ, ಅತ್ತೆ, ತಟ್ಟೆ ಎತ್ತಿ ಕುಕ್ಕಿದೆ. ಅವರು ಕೂಲಿಗೆ ಹೋಗಿ ಬಂದು ಕಾಲು ತೊಳೆದು ಜಗಲಿಯ ಮೇಲೆ ಕೂತುಬಿಡುವರು. ಮನೆಯಲ್ಲಿ ನನ್ನ ಹಕ್ಕಿಯೊಂದೇ ವಟಗುಟ್ಟುತ್ತಿತ್ತು.

ಮರುವರ್ಷದ ಆಷಾಢದಲ್ಲಿ ಮತ್ತೆ ತೂಬು ತೆರೆದುಕೊಂಡಿತು. ಈ ಸಲ ನೀರುಗಂಟಿ ದ್ಯಾಮಪ್ಪ. ಕೆಲಸಕ್ಕೆ ಸೇರಿದಾಗಲೇ ಹೊಸ ಹಕ್ಕಿ ಕೊಂಡಿದ್ದ. "ನೀನೇನಪ್ಪ?" ಎಂದು ಕೇಳಿದರೆ ಮೊದಲ ಚಿಟಿಕೆಗೇ "ಅಲ್ಲ" ಅಂತ ಬಂತು. ಅವನದು ಮಾತೆಂದೇ ಲೆಕ್ಕವಾಯಿತು. ಅವನಲ್ಲದಿದ್ದರೆ ಇನ್ನೇನು ಎಂದು ನಾಲ್ಕು ಜನ ಇಳಿದು ನೋಡಿದರು. ಹಲಗೆಯ ಅಡಿಭಾಗ ಗೆದ್ದಲು ತಿಂದು ಪುಡಿಪುಡಿಯಾಗಿತ್ತು, ಎಷ್ಟು ಗೂಟ ಜಡಿದರೂ ನಿಲ್ಲುವ ಹಾಗಿರಲಿಲ್ಲ. "ಒಂದು ವರ್ಷದ್ದಲ್ಲ ಇದು, ನಾಲ್ಕೈದು ವರ್ಷದ್ದು," ಎಂದರು ಬಡಗಿಯವರು. ಹಾಗಾದರೆ ಇವರು ಹೇಳಿದ್ದು ನಿಜ. ನಿಜವಾದರೆ ಯಾಕೆ ತಡೆದರು?

ಅದೇ ಚಾವಡಿಯಲ್ಲಿ ಕುಂಬಾರ ಓಣಿಯ ಓಬವ್ವನನ್ನು ಸಾಕ್ಷಿಗೆ ಕರೆದರು. ಎಪ್ಪತ್ತು ದಾಟಿದ ಮುದುಕಿ, ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಮಡಕೆ ಕಳೆದುಕೊಂಡವಳು. ಅವಳ ಹೆಗಲ ಮೇಲಿದ್ದದ್ದು ಅವಳ ಅತ್ತೆಯ ಕಾಲದ ಹಕ್ಕಿ, ರೆಕ್ಕೆಯ ಬಣ್ಣವೆಲ್ಲ ಹೋಗಿ ತಗಡು ಕಾಣುತ್ತಿತ್ತು. ಇದರ ಮಾತು ನಾಳೆ ಬಂದೀತು ಎಂದು ಯಾರೋ ನಕ್ಕರು. "ನೀರು ಯಾವ ಹೊತ್ತಿಗೆ ಬಂತು?" ಎಂದು ಕೇಳಿ ಮುಗಿಯುವ ಮೊದಲೇ, ನನ್ನ ಬೆರಳು ಕೂಡುವ ಮೊದಲೇ, "ಸೂರ್ಯ ಹುಟ್ಟೋ ಹೊತ್ತಿಗೆ," ಅಂದಿತು ಆ ಹಕ್ಕಿ. ಐದು ಪ್ರಶ್ನೆ ಕೇಳಿದರು. ಐದಕ್ಕೂ ನನ್ನ ಚಿಟಿಕೆ ಹಿಂದೆ ಬಿತ್ತು.

ಚಾವಡಿ ಚದುರಿದ ಮೇಲೆ ಅವಳನ್ನು ಹಿಡಿದು ನಿಲ್ಲಿಸಿದೆ. "ಓಬವ್ವ, ನಿನ್ನ ಹಕ್ಕಿಗೆ ಎಣ್ಣೆ ಯಾರು ಬಿಡ್ತಾರೆ?"

"ನಾನೇ ಬಿಡ್ತೀನಿ. ಹರಳೆಣ್ಣೆ. ಆ ಸಾಲಿನಲ್ಲಿ ನಿಂತು ಪಾನಕ ಕುಡಿಯಾಕೆ ನಂಗೆ ಪುರುಸೊತ್ತು ಎಲ್ಲೈತವ್ವ, ಮಣ್ಣು ತುಳಿಯಾರು ಯಾರು?" ಅಂದವಳು, ನನ್ನ ಮುಖವನ್ನೇ ನೋಡುತ್ತ, ಹಕ್ಕಿಯನ್ನಲ್ಲ, ಮುಖವನ್ನೇ ನೋಡುತ್ತ, ಮತ್ತೆ ಹೇಳಿದಳು. "ಒಂದು ಮಾತು ಹೇಳ್ತೀನಿ, ಬೈಬ್ಯಾಡ. ನಾನು ಬಾಯಿ ನೋಡೋಳು. ನಾಚಿಕೆ ಗೀಚಿಕೆ ಎಲ್ಲ ಸುಟ್ಕೊಂಡು ಬಾಳ ವರ್ಷ ಆಯ್ತು. ಹೋದ ವರ್ಷ ನಿನ್ನ ಗಂಡನ್ನ ಕೇಳಿದ್ರಲ್ಲ, ಆವಾಗ ನೀನು ಹಕ್ಕಿ ಮೂತಿ ನೋಡ್ತಿದ್ದೆ, ನಾನು ಅವನ ಮೂತಿ ನೋಡ್ತಿದ್ದೆ. ನೀನು ಒಂದನೇ ಚಿಟಿಕೆ ಹೊಡೆಯಾಕೆ ಮುಂಚೆ ಅವನ ತುಟಿ 'ಅಲ್ಲ' ಅಂದಾಗಿತ್ತು."

"ಅವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಂಬ್ತಿದ್ಯೇನು?" ಅಂದಳು ಓಬವ್ವ.

ಮನೆಗೆ ಬಂದವಳೇ ಗೂಡಿನಲ್ಲಿದ್ದ ಹಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೀಗ ರಿಪೇರಿ ಮಾಡುವ ಇಮಾಮ್ ಸಾಬರ ಹತ್ತಿರ ಓಡಿದೆ. ಹಕ್ಕಿಯ ಹೊಟ್ಟೆ ಬಿಚ್ಚಬಾರದೆಂದು ಕಂಪನಿಯ ಕಟ್ಟಪ್ಪಣೆ. ಒಮ್ಮೆ ಬಿಚ್ಚಿದರೆ ಮತ್ತೆ ಮುಚ್ಚಲು ಬಾರದ ಹಾಗೆ ಮಾಡಿರುತ್ತಾರೆ. ಸಾಬರು ಹಿಂದೆ ಮುಂದೆ ನೋಡಿದರು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ. "ಛೇ ಛೇ, ಬಿಡಿ ತಾಯಿ," ಎಂದು ಸಣ್ಣ ಉಳಿ ತೆಗೆದುಕೊಂಡರು. ಒಳಗೆ ಕೂದಲಿನಂಥ ಒಂದು ಸುರುಳಿ, ಅದರ ಸುತ್ತ ಹಳದಿಯಾಗಿ ಏನೋ ಮೆತ್ತಿಕೊಂಡಿತ್ತು. ಬೆರಳಿಗೆ ತಾಗಿಸಿ ಎಳೆದರೆ ನೂಲು ನೂಲಾಗಿ ಬಂತು.

"ಇದು ಎಣ್ಣೆ ಅಲ್ಲ ತಾಯಿ. ಹಲಸಿನ ಮೇಣ ಇದ್ದಂಗೆ ಇದೆ. ಬಿಟ್ಟಾಗ ನೀರಾಗಿರುತ್ತೆ, ದಿನ ಹೋದಂಗೆ ಹಿಡ್ಕೊಳ್ಳುತ್ತೆ. ಪದರ ನೋಡಿ, ವರ್ಷಕ್ಕೊಂದು. ಸುರುಳಿಗೆ ಏನೂ ಆಗಿಲ್ಲ, ಹೊಸದರ ಹಾಗಿದೆ."

ಮೂರು ಪದರ ಇದ್ದವು. ಮೂರು ವರ್ಷವೂ ನಾನೇ ಕೈಹಿಡಿದು ಸಾಲಿನಲ್ಲಿ ನಿಲ್ಲಿಸಿದ್ದೆ. ಸಾಬರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಅಳುವುದಕ್ಕೆ ಹಕ್ಕಿ ಬೇಕಿಲ್ಲ, ಬೀದಿಗೆಲ್ಲ ಕೇಳಿಸಿತು. ಬಂದವರೆಲ್ಲ ಆ ಮೇಣವನ್ನು ಕಣ್ಣಾರೆ ನೋಡಿದರು.

ಮಾರನೆಯ ದಿನ ಊರೇ ಕಂಪನಿ ಅಂಗಡಿಯ ಮುಂದಿತ್ತು. ಶೇಷಾದ್ರಿ ಬಾಗಿಲು ಹಾಕಿಕೊಳ್ಳಲಿಲ್ಲ, ಓಡಿಯೂ ಹೋಗಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಹೊರಗೆ ಬಂದು ಕೈಮುಗಿದರು.

"ನಿಮ್ಮ ಹಿತಕ್ಕೇ ಮಾಡಿದ್ದು. ಹಕ್ಕಿಗೆ ವಯಸ್ಸಾಗ್ತಾ ಸುರುಳಿ ಸೋಲತ್ತೆ. ಮೊದಲಿನ ವೇಗದಲ್ಲೇ ಮಾತಾಡಿಸಿದ್ರೆ ಒಂದಿನ ಮಾತಿನ ಮಧ್ಯೆ ಪಟ್ ಅಂತ ನಿಂತು ಹೋಗತ್ತೆ. ಹಾಗಾಗಬಾರದು ಅಂತ ಹತ್ತು ವರ್ಷ ದಾಟಿದ ಹಕ್ಕಿಗೆ ಮೇಣ ಬಿಟ್ಟು ಸ್ವಲ್ಪ ನಿಧಾನ ಮಾಡಿದ್ವಿ. ಅಷ್ಟೇ."

"ನಂದು ನಮ್ಮತ್ತೆ ಕಾಲದ್ದು ಕಣಯ್ಯ. ನಿಂತೈತಾ?" ಎಂದಳು ಓಬವ್ವ.

"ಅದು ನಿಮ್ಮ ಅದೃಷ್ಟ ಅಜ್ಜಿ."

ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋದೆ. "ಹಕ್ಕಿ ಸರಿಯಾಗಿದೆ ಅಂದ್ರಲ್ಲ ಶೇಷಾದ್ರಿಗಳೇ. ನನ್ನ ಕಣ್ಣೆದುರಿಗೆ, ನನ್ನ ಗಂಡನ ಎದುರಿಗೆ. ಆಡೋರೇ ತಡೆದ್ರೆ ಹಕ್ಕಿ ಏನು ಮಾಡತ್ತೆ ಅಂದ್ರಲ್ಲ."

"ಸರಿಯಾಗೇ ಇತ್ತಮ್ಮ," ಎಂದರು ಆತ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ. "ಎಷ್ಟು ನಿಧಾನ ಇರಬೇಕೋ ಅಷ್ಟೇ ನಿಧಾನ ಇತ್ತು."

ನನ್ನ ಕೈ ಎದ್ದಿತು, ಆ ಕೆನ್ನೆಗೆ ಬೀಳುವುದಿತ್ತು, ಯಾರೋ ಹಿಡಿದುಕೊಂಡರು. ಕಲ್ಲು ಬಿದ್ದವು, ಬೋರ್ಡು ಮುರಿಯಿತು, ಎಣ್ಣೆಯ ಡಬ್ಬಗಳನ್ನು ಚರಂಡಿಗೆ ಸುರಿದರು. ಇನ್ನು ಈ ಊರಲ್ಲಿ ಕಂಪನಿಯ ಹಕ್ಕಿ ಕೂಡದು ಎಂದು ಎಲ್ಲರ ಹೆಗಲ ಮೇಲಿದ್ದ ಕಂಪನಿಯ ಹಕ್ಕಿಗಳು ಕೂಗಿದವು. ಎಂಟು ದಿನ ಕಳೆದು ಹೊಸ ಬೋರ್ಡು ಬಂತು. ಮೇಲೆ ದೊಡ್ಡದಾಗಿ 'ಕ್ಷಮಿಸಿ', ಕೆಳಗೆ 'ಹಳೆಯದನ್ನು ತನ್ನಿ, ಹೊಸದನ್ನು ಉಚಿತವಾಗಿ ಒಯ್ಯಿರಿ'. ಬೆಳಗಾಗುವಷ್ಟರಲ್ಲಿ ಸಾಲು ಸಂತೆಬೀದಿ ದಾಟಿತ್ತು. ಕಲ್ಲು ಹೊಡೆದವರೇ ಮುಂದೆ ನಿಂತಿದ್ದರು. ನಗಬೇಡಿ. ಮಗು 'ಅವ್ವ' ಅಂದರೆ ಕೇಳಬೇಡವೇ? ಇನ್ನೊಂದು ಅಂಗಡಿ ಎಲ್ಲಿದೆ ನಮಗೆ?

ನಾನು ಮೊದಲು ಚಾವಡಿಗೆ ಹೋದೆ. ನಮ್ಮನೆಯವರ ನ್ಯಾಯವನ್ನು ಮತ್ತೆ ತೆಗೆಯಿರಿ, ಹಲಗೆಗೆ ಗೆದ್ದಲು ಹಿಡಿದದ್ದನ್ನು ನೀವೇ ನೋಡಿದ್ದೀರಿ ಎಂದು ಕೇಳಿಕೊಂಡೆ. ರುದ್ರಯ್ಯನವರು ತಲೆ ತಗ್ಗಿಸಿದರು. "ಒಂದು ನ್ಯಾಯ ತೆಗೆದರೆ ಎಲ್ಲಾನೂ ತೆಗೀಬೇಕಾಗತ್ತೆ ಮಂಗಳಮ್ಮ. ಎಷ್ಟು ಮದುವೆ ಮುರಿದಿವೆ, ಎಷ್ಟು ಹೊಲ ಕೈ ಬದಲಾಗಿವೆ. ಊರು ಉಳಿಯಲ್ಲ," ಎಂದರು. ಅವರದು ಹೊಸ ಹಕ್ಕಿ, ಆ ಮಾತು ತಡೆಯದೆ ಬಂತು. ನಾನು ಚಿಟಿಕೆಯವಳ ಮಣೆಯಿಂದ ಎದ್ದು ಬಂದೆ. ಹದಿನೈದು ದಿನಕ್ಕೆ ಇನ್ನೊಬ್ಬಳು ಬಂದು ಕೂತಳು.

ಆಮೇಲೆ ಬಿಚ್ಚಿದ ಹಕ್ಕಿಯ ತಗಡುಗಳನ್ನು ಗಂಟು ಕಟ್ಟಿಕೊಂಡು ನಾನೂ ಸಾಲಿನಲ್ಲಿ ನಿಂತೆ. ಹೊಸ ಹಕ್ಕಿಯನ್ನು ಶೇಷಾದ್ರಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಇದಕ್ಕೆ ಯಾವ ಎಣ್ಣೆಯೂ ಬೇಡಮ್ಮ, ಹಾಗೇ ಮಾಡಿದಾರೆ," ಎಂದರು. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ಇಸಕೊಂಡು ಬಂದೆ.

ಅವರು ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಬಡಿಸಿದೆ. ಮೇಣದ ವಿಷಯ, ಓಬವ್ವನ ವಿಷಯ, ಚಾವಡಿಯ ವಿಷಯ ಎಲ್ಲವನ್ನೂ ಆಗಲೇ ಹತ್ತು ಸಲ ಹೇಳಿದ್ದೆ. ತಲೆಯಾಡಿಸಿ ಕೇಳಿದ್ದರು, ಅಷ್ಟೇ. ಈಗ ಹೊಸ ಹಕ್ಕಿಯನ್ನು ಅವರ ಹೆಗಲಿಗೆ ತಾಗಿಸಿದೆ. ಬೇಡ ಎನ್ನಲಿಲ್ಲ. ಕೂರಿಸಿದೆ. ಒಂದು ವರ್ಷದಿಂದ ಖಾಲಿಯಿದ್ದ ಹೆಗಲು. ಅನ್ನ ಕಲಸುತ್ತಿದ್ದ ಕೈ ನಿಂತಿತು. ನನಗೆ ಅವರಿಂದ ಬೇಕಾಗಿದ್ದದ್ದು ಒಂದೇ ಮಾತು. ಕೆಲಸ ಹೋದರೆ ಹೋಗಲಿ, ಊರು ಏನಾದರೂ ಅನ್ನಲಿ, ಆ ಒಂದು ಮಾತು ಸಿಕ್ಕರೆ ನಾನು ಬದುಕುತ್ತಿದ್ದೆ.

"ರೀ, ನನ್ನನ್ನ ಕ್ಷಮಿಸಿದೀರಾ?"

ಸೆರಗಿನ ಕೆಳಗೆ ನನ್ನ ಹಾಳು ಬೆರಳು ಸುಮ್ಮನಿರಲಿಲ್ಲ. ಬೇಡ ಬೇಡ ಎಂದು ಇನ್ನೊಂದು ಕೈಯಲ್ಲಿ ಅದುಮಿ ಹಿಡಿದೆ; ಒಳಗೇ ಎಣಿಸಿತು. ಒಂದು. ಎರಡು. ಮೂರು. ಹೊರಗೆ ಯಾರದೋ ಮನೆಯಲ್ಲಿ ಕೊಡ ತುಂಬುವ ಸದ್ದು ಕೇಳಿಸಿತು.

"ಕ್ಷಮಿಸಿದೀನಿ ಕಣೇ," ಅಂದಿತು ಹಕ್ಕಿ.

ಅವರದೇ ದನಿ. ಮೆತ್ತಗೆ, ಮೊದಲಿನ ಹಾಗೆಯೇ ಇತ್ತು. ಆದರೆ ಮೂರು ಕಳೆದಿತ್ತು. ಅವರು ತಡೆದರೋ, ಹಕ್ಕಿ ತಡೆಯಿತೋ? ಅವರ ತುಟಿ ಯಾವಾಗ ಅಲುಗಿತೆಂದು ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ಪಾಪಿ, ಅಷ್ಟೆಲ್ಲ ಆದ ಮೇಲೂ, ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಕೊಕ್ಕನ್ನೇ ನೋಡುತ್ತ ಕೂತಿದ್ದೆ. ಗಾಬರಿಯಾಗಿ ಮುಖದ ಕಡೆ ತಿರುಗಿದಾಗ ತುಟಿ ಮುಚ್ಚಿತ್ತು, ಅವರು ಆಗಲೇ ತುತ್ತು ಎತ್ತಿದ್ದರು.

"ತಡವಾದದ್ದು ನೀವಾ, ಹಕ್ಕಿಯಾ?" ಎಂದು ಕೇಳಬೇಕೆಂದು ಬಾಯಿ ತೆರೆದೆ. ಕೇಳಿ ಏನು ಮಾಡಲಿ? ಅದಕ್ಕೂ ಉತ್ತರ ಆ ಹಕ್ಕಿಯೇ ಹೇಳಬೇಕು. ಇನ್ನೊಂದು ಸೌಟು ಸಾರು ಬಡಿಸಿದೆ.